78ಕ್ಕೂ 84ಕ್ಕೂ ನಡುವೆ

ನಲವತ್ತೆರಡು ವರ್ಷದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಊರು ದೊಡ್ಡಬಳ್ಳಾಪುರ. ಎತ್ತರ 155 ಸೆಂಟಿಮೀಟರ್, ತೂಕ 80 ಕೆ.ಜಿ. ಆರು ವರ್ಷದಿಂದ ಶುಗರ್ ಇದೆ. ಎರಡು ಬಗೆಯ ಮಾತ್ರೆ ನುಂಗಿದರೂ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಒಂಬತ್ತರಿಂದ ಕೆಳಗಿಳಿಯುತ್ತಿಲ್ಲ. ಮೆಟ್ಟಿಲು ಹತ್ತಿದರೆ ಮಂಡಿನೋವು, ರಾತ್ರಿ ಜೋರು ಗೊರಕೆ. ಗಂಡನಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ ಕೆಲಸ. ಮನೆಮಂದಿಗೆಲ್ಲ ಖಾಸಗಿ ಆರೋಗ್ಯ ವಿಮೆ ಮಾಡಿಸಿದ್ದಾರೆ. ಬೆಂಗಳೂರಿನ ಸರ್ಜನ್ ರಿಪೋರ್ಟುಗಳನ್ನೆಲ್ಲ ನೋಡಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಈಕೆ ಅರ್ಹರು ಎನ್ನುತ್ತಾರೆ. ವಿಮಾ ಕಂಪನಿ ಅರ್ಹರಲ್ಲ ಎನ್ನುತ್ತದೆ. ಇಬ್ಬರೂ ತಮ್ಮ ತಮ್ಮ ನಿಯಮದ ಪ್ರಕಾರವೇ ನಡೆದಿದ್ದಾರೆ.

ತೊಡಕಿರುವುದು ಆ ನಿಯಮಗಳಲ್ಲಿ. ಎಲ್ಲ ನಿಯಮಗಳೂ ಶುರುವಾಗುವುದು ಬಿಎಂಐ ಎಂಬ ಒಂದೇ ಲೆಕ್ಕದಿಂದ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನಮ್ಮ ಗೃಹಿಣಿಯ ಬಿಎಂಐ 33.3. ಭಾರತೀಯರಿಗೆಂದು ತಜ್ಞರು ಹಾಕಿದ ಗೆರೆ, ಸಕ್ಕರೆ ಕಾಯಿಲೆಯಂಥ ಜೊತೆರೋಗ ಇದ್ದವರಿಗೆ 32.5, ಇಲ್ಲದವರಿಗೆ 37.5. ವಿಮೆಯ ಗೆರೆ ಜೊತೆರೋಗ ಇದ್ದವರಿಗೆ 35, ಇಲ್ಲದವರಿಗೆ 40. ಇದನ್ನು ತಕ್ಕಡಿಯ ಭಾಷೆಗೆ ತಂದರೆ, ಈ ಎತ್ತರದ, ಶುಗರ್ ಇರುವ ಹೆಂಗಸು ಸುಮಾರು 78 ಕೆ.ಜಿ. ಮುಟ್ಟಿದಾಗ ಸರ್ಜನ್‌ನ ಗೆರೆ ದಾಟುತ್ತಾಳೆ, 84 ಮುಟ್ಟಿದಾಗ ವಿಮೆಯ ಗೆರೆ ದಾಟುತ್ತಾಳೆ. ನಡುವಿನ ಆರು ಕೆ.ಜಿ.ಯೊಳಗೆ ಸಿಕ್ಕಿಕೊಂಡವರಿಗೆ ಚಿಕಿತ್ಸೆ ಬೇಕೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತು. ಅದರ ಕೆಲವು ಲಕ್ಷ ರೂಪಾಯಿ ಖರ್ಚು ಮಾತ್ರ ಅವರ ತಲೆಯ ಮೇಲೆಯೇ.

ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಹುಡುಕಿದರೆ ಕಥೆ ಕುತೂಹಲಕರವಾಗಿದೆ. ಬಿಎಂಐ ಸೂತ್ರದ ಮೂಲ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಎಂಬ ಖಗೋಳ ಹಾಗೂ ಸಂಖ್ಯಾಶಾಸ್ತ್ರಜ್ಞ. 1830ರ ದಶಕದಲ್ಲಿ ಆತ ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನ ಅಳತೆಗಳನ್ನು. ರೋಗಕ್ಕೂ ಆ ಲೆಕ್ಕಕ್ಕೂ ಆಗ ಸಂಬಂಧವಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಇಂದಿನ ಹೆಸರು ಕೊಟ್ಟರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ 40 ಮತ್ತು 35 ಎಂಬ ಗೆರೆಗಳನ್ನು ಶಸ್ತ್ರಚಿಕಿತ್ಸೆಗೆ ನಿಗದಿ ಮಾಡಿತು. ಆಗಿನ್ನೂ ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಈ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಸಣ್ಣ ರಂಧ್ರಗಳ ಮೂಲಕ ಮಾಡುವ, ಲ್ಯಾಪ್ರೋಸ್ಕೋಪಿ ವಿಧಾನದ ಜಠರದ ಬೈಪಾಸ್ ಬಂದದ್ದು ಆಮೇಲೆ. ಅಪಾಯ ಹೆಚ್ಚಿದ್ದ ಕಾಲಕ್ಕೆ ಗೆರೆ ಮೇಲಿರುವುದು ಸಹಜವೇ. ಆದರೆ ಶಸ್ತ್ರಚಿಕಿತ್ಸೆಯ ವಿಧಾನ ಬದಲಾದ ಮೇಲೂ ಗೆರೆ ಮೂವತ್ತೊಂದು ವರ್ಷ ಹಾಗೆಯೇ ಉಳಿಯಿತು.

2022ರಲ್ಲಿ ಅಮೆರಿಕದ ಮತ್ತು ಜಾಗತಿಕ ಮಟ್ಟದ ಎರಡು ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳು ಸೇರಿ ಹೊಸ ಮಾರ್ಗಸೂಚಿ ಹೊರಡಿಸಿದವು. ಬಿಎಂಐ 35 ಇದ್ದರೆ ಜೊತೆರೋಗ ಇರಲಿ, ಇಲ್ಲದಿರಲಿ ಶಸ್ತ್ರಚಿಕಿತ್ಸೆ ಸೂಚಿಸಬಹುದು. 30ರಿಂದ 35ರ ನಡುವಿನವರಿಗೆ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ ಪರಿಗಣಿಸಬೇಕು. ಏಷ್ಯಾದ ಜನರ ವಿಷಯದಲ್ಲಿ 27.5ರ ಮೇಲಿನವರಿಗೂ ಈ ಚಿಕಿತ್ಸೆ ಸಿಗುವಂತಿರಬೇಕು. ನಮ್ಮ ಗೃಹಿಣಿಯ ಎತ್ತರಕ್ಕೆ 27.5 ಎಂದರೆ ಸುಮಾರು 66 ಕೆ.ಜಿ.! ಅಂದರೆ ಒಂದೇ ದೇಹಕ್ಕೆ ಯಾವ ಕಾಗದ ಹಿಡಿದು ನೋಡುತ್ತೀರಿ ಎಂಬುದರ ಮೇಲೆ ಅರ್ಹತೆಯ ತೂಕ 66ರಿಂದ 84ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಏಷ್ಯಾದವರಿಗೆ ಗೆರೆ ಯಾಕೆ ಕೆಳಗೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಪ್ರಮುಖರು. 2004ರಲ್ಲಿ ಅವರೂ ಬ್ರಿಟನ್ನಿನ ಜಾನ್ ಯುಡ್ಕಿನ್ ಎಂಬ ವೈದ್ಯರೂ ಅಕ್ಕಪಕ್ಕ ನಿಂತ ಒಂದು ಚಿತ್ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ದೇಹದ ಕೊಬ್ಬು ಶೇ 9.1, ಯಾಜ್ಞಿಕರದು ಶೇ 21.2. ತೂಕದ ಯಂತ್ರಕ್ಕೆ ಇಬ್ಬರೂ ಒಂದೇ. ಒಳಗಿನ ಸಂಗತಿ ಬೇರೆ. ಭಾರತೀಯರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದರಲ್ಲೂ ಹೊಟ್ಟೆಯೊಳಗೆ ಲಿವರ್ ಮತ್ತು ಕರುಳುಗಳ ಸುತ್ತ ಸೇರುವ ಕೊಬ್ಬು ಹೆಚ್ಚು. ಇನ್ಸುಲಿನ್ನಿಗೆ ದೇಹ ಸ್ಪಂದಿಸದಂತೆ ಮಾಡುವುದು ಈ ಒಳಕೊಬ್ಬೇ. ಆದ್ದರಿಂದಲೇ ನಮ್ಮಲ್ಲಿ ನೋಡಲು ದಪ್ಪ ಎನಿಸದವರಿಗೂ ನಲವತ್ತರೊಳಗೆ ಶುಗರ್ ಬರುತ್ತದೆ. ಅದೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದ ದೇಶಗಳಿಗಾಗಿ 23, 27.5, 32.5, 37.5 ಎಂಬ ಹೆಚ್ಚುವರಿ ಬಿಂದುಗಳನ್ನು ಸೂಚಿಸಿದರು. 2009ರಲ್ಲಿ ಭಾರತೀಯ ತಜ್ಞರು ಒಮ್ಮತದಿಂದ ಹೊರತಂದ ಮಾರ್ಗಸೂಚಿ ಇವುಗಳಲ್ಲಿ ಕೊನೆಯ ಎರಡನ್ನು ಶಸ್ತ್ರಚಿಕಿತ್ಸೆಯ ಗೆರೆಗಳಾಗಿ ಇಟ್ಟುಕೊಂಡಿತು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎಂದೂ ಅದು ಹೇಳಿತು.

ಸೊಂಟದ ಈ ಅಳತೆ ಹಳ್ಳಿಗಳಿಗೂ ಬಂದಿದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಬಂದು ತುಂಬುವ ತಪಾಸಣಾ ಫಾರಂನಲ್ಲಿ ವಯಸ್ಸು, ತಂಬಾಕು, ಮದ್ಯ, ವ್ಯಾಯಾಮ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್ ಇದೆಯೇ ಎಂಬ ಪ್ರಶ್ನೆಗಳ ಜೊತೆ ಟೇಪು ಸುತ್ತಿ ಸೊಂಟವನ್ನೂ ಅಳೆಯುತ್ತಾರೆ. ಒಟ್ಟು ಅಂಕ ನಾಲ್ಕು ಮೀರಿದರೆ ಮುಂದಿನ ಪರೀಕ್ಷೆಗೆ ಆದ್ಯತೆ. ಈ ಅಳತೆಯ ಅಗತ್ಯವನ್ನು ರಾಜ್ಯದ ಅಂಕಿಅಂಶವೇ ಹೇಳುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರುವ ಹೆಂಗಸರ ಪ್ರಮಾಣ 2015-16ರಲ್ಲಿ ಶೇ 23.3 ಇದ್ದದ್ದು 2019-21ರಲ್ಲಿ ಶೇ 30.1 ಆಯಿತು. ಗಂಡಸರದು ಶೇ 22.1ರಿಂದ ಶೇ 30.9ಕ್ಕೆ ಏರಿತು.

ಹೊಸಕೋಟೆಯಲ್ಲಿ ಬೆಳಗಿನ ಜಾವವೇ ಬಿರಿಯಾನಿಗೆ ಸಾಲು ನಿಲ್ಲುವವರನ್ನು ನೋಡಿ, ಈ ಏರಿಕೆಯನ್ನೆಲ್ಲ ನಾಲಿಗೆ ಚಪಲಕ್ಕೆ ಕಟ್ಟಿಬಿಡುವುದು ಸುಲಭ. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂರು ದಶಕಗಳಲ್ಲಿ ಬದಲಾದದ್ದು ನಾಲಿಗೆಯೊಂದೇ ಅಲ್ಲ. ರಾಗಿ, ರೇಷ್ಮೆ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಗಳು ಕಾರ್ಖಾನೆ, ಗೋದಾಮು, ಬಡಾವಣೆಗಳಾದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ದಿನವಿಡೀ ಬಗ್ಗಿ ಎದ್ದು ದುಡಿದ ಮನೆಗಳ ಮಕ್ಕಳು ಈಗ ಟ್ಯಾಕ್ಸಿ ಸ್ಟಿಯರಿಂಗ್ ಹಿಂದೆ, ಹೊಲಿಗೆ ಮಷಿನ್ ಮುಂದೆ, ಸೆಕ್ಯುರಿಟಿ ಕುರ್ಚಿಯಲ್ಲಿ ಪಾಳಿ ಲೆಕ್ಕದಲ್ಲಿ ಕೂರುತ್ತಾರೆ. ರಾತ್ರಿ ಪಾಳಿ ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಹಸಿವಿನ ಹಾರ್ಮೋನುಗಳ ಲಯವೂ ಕೆಡುತ್ತದೆ. ಇದರ ಮೇಲೆ ವಂಶವಾಹಿಯ ಪಾಲು. ಒಬ್ಬರಿಗೂ ಇನ್ನೊಬ್ಬರಿಗೂ ತೂಕದಲ್ಲಿ ಕಾಣುವ ವ್ಯತ್ಯಾಸದಲ್ಲಿ ದೊಡ್ಡ ಭಾಗಕ್ಕೆ ವಂಶವಾಹಿಗಳೇ ಕಾರಣ ಎಂದು ಅವಳಿಗಳ ಅಧ್ಯಯನಗಳು ತೋರಿಸಿವೆ.

ಹಾಗಾದರೆ ಊಟ ಕಡಿಮೆ ಮಾಡಿ, ನಡೆದು ಇಳಿಸಿಕೊಳ್ಳಬಾರದೇ? ಶಸ್ತ್ರಚಿಕಿತ್ಸೆಗೆ ಮೊದಲು ಪಥ್ಯ, ವ್ಯಾಯಾಮ, ಔಷಧಗಳನ್ನು ಪ್ರಾಮಾಣಿಕವಾಗಿ ಪ್ರಯತ್ನಿಸಿರಬೇಕು ಎಂಬುದು ಅರ್ಹತೆಯ ಒಂದು ಷರತ್ತು. ಬಹಳ ಮಂದಿಯ ತೂಕ ಇಳಿಯುವುದೂ ನಿಜ. ಇಳಿದದ್ದು ನಿಲ್ಲುವುದು ಕಷ್ಟ. 2011ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಹತ್ತು ವಾರ ಕಠಿಣ ಪಥ್ಯ ಮಾಡಿಸಿ ತೂಕ ಇಳಿಸಿದವರನ್ನು ಹಿಂಬಾಲಿಸಿ ನೋಡಿದರು. ವರ್ಷ ಕಳೆದರೂ ಅವರ ರಕ್ತದಲ್ಲಿ ಹಸಿವು ಹೆಚ್ಚಿಸುವ ಗ್ರೆಲಿನ್ ಏರಿಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ಇಳಿದೇ ಇದ್ದವು. ಕಳೆದುಕೊಂಡ ಕೊಬ್ಬನ್ನು ಮರಳಿ ತುಂಬಿಸಲು ದೇಹ ಹಟ ಹಿಡಿಯುತ್ತದೆ. ಪಥ್ಯದಲ್ಲಿ ಸೋತವರನ್ನು ಬಾಯಿ ಕಟ್ಟದವರು ಎಂದು ಹಂಗಿಸುವ ಮುನ್ನ ಇದನ್ನು ನೆನೆಯಬೇಕು.

ಶಸ್ತ್ರಚಿಕಿತ್ಸೆ ಕೆಲಸ ಮಾಡುವುದು ಈ ಹಟದ ಬೇರಿನಲ್ಲೇ. ಇಂದು ಹೆಚ್ಚು ನಡೆಯುವುದು ಎರಡು ವಿಧ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ; ಉಳಿಯುವುದು ಬಾಳೆಹಣ್ಣಿನ ಗಾತ್ರದ ಕೊಳವೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡರಲ್ಲೂ ಹಿಡಿಯುವ ಊಟ ಕಡಿಮೆ. ಅದಕ್ಕಿಂತ ಮುಖ್ಯ, ಹಾರ್ಮೋನುಗಳ ಮಾತು ಬದಲಾಗುತ್ತದೆ. ಗ್ರೆಲಿನ್ ಹೆಚ್ಚು ಸ್ರವಿಸುವ ಭಾಗ ಸ್ಲೀವ್‌ನಲ್ಲಿ ಹೊರಟುಹೋಗುತ್ತದೆ. ಊಟ ಬೇಗ ಕರುಳಿನ ಮುಂದಿನ ಭಾಗ ತಲುಪುವುದರಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚಿ ಹೊಟ್ಟೆ ತುಂಬಿದ ಭಾವ ಬರುತ್ತದೆ, ಇನ್ಸುಲಿನ್ ಚುರುಕಾಗುತ್ತದೆ. ಅನೇಕರಲ್ಲಿ ತೂಕ ಇಳಿಯುವ ಮೊದಲೇ ಶುಗರ್ ಇಳಿಯಲು ತೊಡಗುವುದು ಹೀಗೆ. ಅಮೆರಿಕದ ಸ್ಟ್ಯಾಂಪೀಡ್ ಅಧ್ಯಯನದಲ್ಲಿ ಐದು ವರ್ಷಗಳ ನಂತರ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕೆಳಗೆ ತಂದುಕೊಂಡವರು ಬೈಪಾಸ್ ಮಾಡಿಸಿದವರಲ್ಲಿ ಶೇ 29, ಸ್ಲೀವ್‌ನವರಲ್ಲಿ ಶೇ 23, ಔಷಧವನ್ನಷ್ಟೇ ನೆಚ್ಚಿದವರಲ್ಲಿ ಶೇ 5. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಲಾಭ ದೊಡ್ಡದು, ಹಾಗಿದ್ದೂ ಹತ್ತರಲ್ಲಿ ಏಳು ಮಂದಿ ಆ ಮಟ್ಟ ಮುಟ್ಟಲಿಲ್ಲ. ಕಾಯಿಲೆ ಹಳೆಯದಾದಷ್ಟೂ, ಇನ್ಸುಲಿನ್ ಸ್ರವಿಸುವ ಶಕ್ತಿ ಬತ್ತಿದಷ್ಟೂ ಫಲ ಕಡಿಮೆ. 84 ಕೆ.ಜಿ. ಆಗುವವರೆಗೆ ಕಾಯಿರಿ ಎನ್ನುವ ನಿಯಮದ ನಿಜವಾದ ನಷ್ಟ ಇಲ್ಲಿದೆ. ಕಾದ ವರ್ಷಗಳಲ್ಲಿ ಮೇದೋಜೀರಕ ಗ್ರಂಥಿ ಕಾಯುತ್ತಾ ಕೂರುವುದಿಲ್ಲ.

ಬಿಎಂಐ ಗೆರೆ ದಾಟಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ವಯಸ್ಸು 18ರಿಂದ 65ರೊಳಗಿರಬೇಕು. ತೂಕ ಏರಲು ಥೈರಾಯಿಡ್ ಅಥವಾ ಕಾರ್ಟಿಸಾಲ್‌ನ ಏರುಪೇರು ಕಾರಣವೇ ಎಂದು ನೋಡುತ್ತಾರೆ. ಎಂಡೋಸ್ಕೋಪಿಯಲ್ಲಿ ಹುಣ್ಣು, ಎಚ್. ಪೈಲೋರಿ ಸೋಂಕು ಕಂಡರೆ ಮೊದಲು ಅದಕ್ಕೆ ಔಷಧ. ಹುಳಿತೇಗು, ಎದೆಯುರಿ ಬಹಳವಿದ್ದರೆ ಸ್ಲೀವ್‌ಗಿಂತ ಬೈಪಾಸ್ ಒಳ್ಳೆಯದೆನಿಸಬಹುದು. ಗೊರಕೆ ಹೊಡೆಯುವವರಿಗೆ ನಿದ್ದೆಯ ಪರೀಕ್ಷೆ ಮಾಡುತ್ತಾರೆ, ಯಾಕೆಂದರೆ ನಿದ್ದೆಯಲ್ಲಿ ಉಸಿರು ನಿಂತು ಬರುವ ತೊಂದರೆ ಇದ್ದರೆ ಅರಿವಳಿಕೆ ಕೊಡುವವರಿಗೆ ಮೊದಲೇ ಗೊತ್ತಿರಬೇಕು. ಲಿವರ್ ಸ್ಕ್ಯಾನ್, ಹೃದಯದ ತಪಾಸಣೆ, ಕಬ್ಬಿಣ, ಬಿ12, ಡಿ ವಿಟಮಿನ್ ಮಟ್ಟ ಎಲ್ಲವೂ ಬೇಕು. ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರ ಜೊತೆ ಒಂದು ಮಾತುಕತೆಯೂ ಇರುತ್ತದೆ. ಅದನ್ನು ಹುಚ್ಚಿನ ಪರೀಕ್ಷೆ ಎಂದುಕೊಂಡು ಮುಜುಗರ ಪಡುವವರಿದ್ದಾರೆ. ಬೇಸರವಾದಾಗೆಲ್ಲ ತಿನ್ನುವ ಅಭ್ಯಾಸ ಇದೆಯೇ, ಕುಡಿತ ಇದೆಯೇ, ಮುಂದಿನ ಬದುಕು ಹೇಗಿರುತ್ತದೆಂಬ ಅರಿವಿದೆಯೇ ಎಂದು ತಿಳಿಯುವುದಷ್ಟೇ ಅದರ ಉದ್ದೇಶ. ಬಿಡಲಾಗದ ಕುಡಿತ, ಚಿಕಿತ್ಸೆ ಪಡೆಯದ ತೀವ್ರ ಮಾನಸಿಕ ಕಾಯಿಲೆ, ಗರ್ಭಧಾರಣೆ, ಅರಿವಳಿಕೆ ತಾಳಲಾರದ ಹೃದಯ ಇವುಗಳಿದ್ದರೆ ಬಿಎಂಐ ಎಷ್ಟೇ ಇದ್ದರೂ ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಬೇಡ. ಮಗು ಬೇಕೆನ್ನುವವರು ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ತಡೆಯಬೇಕು.

ಅಪಾಯದ ಲೆಕ್ಕವನ್ನೂ ಹೇಳಬೇಕು. ಅನುಭವಿ ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯಾದ ತಿಂಗಳೊಳಗೆ ಸಾಯುವವರು ಸಾವಿರಕ್ಕೆ ಒಬ್ಬರಿಂದ ಮೂವರ ಆಸುಪಾಸು. ಹೊಲಿಗೆ ಹಾಕಿದಲ್ಲಿ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮುಖ್ಯ ತೊಡಕುಗಳು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 1987ರಲ್ಲಿ ಶುರುವಾದ ಸ್ವೀಡನ್ನಿನ ದೀರ್ಘ ಅಧ್ಯಯನವಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಾದದ್ದನ್ನು 2007ರಲ್ಲಿ ವರದಿ ಮಾಡಿತು.

ಇಲ್ಲೊಂದು ಗೊಂದಲ ತಿಳಿಯಾಗಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ರಾಜ್ಯವನ್ನೇ ಕಲಕಿತು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಆಕಾರ ತಿದ್ದುವ ವಿಧಾನ. ಅದು ಹಸಿವನ್ನೂ ಬದಲಿಸುವುದಿಲ್ಲ, ಶುಗರನ್ನೂ ಇಳಿಸುವುದಿಲ್ಲ, ಬೊಜ್ಜಿನ ರೋಗಕ್ಕೆ ಚಿಕಿತ್ಸೆಯೂ ಅಲ್ಲ. ಇಲ್ಲಿ ಹೇಳುತ್ತಿರುವ, ಬೇರಿಯಾಟ್ರಿಕ್ ಎಂದು ಕರೆಯುವ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಬೇರೆಯೇ ದಾರಿ. ಅದು ರೋಗಕ್ಕೆ ಮಾಡುವ ಚಿಕಿತ್ಸೆ; ಅರ್ಹತೆಯ ಇಷ್ಟೊಂದು ಜರಡಿ ಇರುವುದೂ ಅದಕ್ಕಾಗಿಯೇ. ಈ ಜರಡಿಗಳನ್ನೆಲ್ಲ ಬಿಟ್ಟು ಮೊದಲ ಭೇಟಿಯಲ್ಲೇ ಮುಂಗಡ ಕಟ್ಟಿಸಿಕೊಂಡು ದಿನಾಂಕ ಕೊಡುವ ಜಾಗ ಕಂಡರೆ ಎದ್ದು ಬರುವುದು ಕ್ಷೇಮ.

ಜರಡಿಯ ಕೊನೆಯ ಸುತ್ತು ಯಾವ ಫಾರಂನಲ್ಲೂ ಸರಿಯಾಗಿ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆಯ ಆಚೆಗಿನ ಬದುಕನ್ನು ಈ ಮನೆ, ಈ ಊರು ನಿಭಾಯಿಸಬಲ್ಲುದೇ ಎಂಬುದು. ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದೇ ಅದರ ಕ್ರಮ. ಕಿರಿದಾದ ಜಠರದಲ್ಲಿ ಆ ತುತ್ತು ಸಿಕ್ಕಿಕೊಂಡು ನೋವು, ವಾಂತಿ ತರುತ್ತದೆ. ಮೊದಲ ವಾರಗಳಲ್ಲಿ ನೀರಾದ ಆಹಾರ, ಆಮೇಲೆ ಮಿದುವಾದದ್ದು, ಆಮೇಲೆ ಎಲ್ಲವನ್ನೂ ನುಣ್ಣಗೆ ಅಗಿದು ತಿನ್ನಬೇಕು. ರಾಗಿ ಬಿಡಬೇಕಿಲ್ಲ, ತೆಳ್ಳಗಿನ ಅಂಬಲಿಯಾಗಿ ಅದು ಬರಬಹುದು. ತಟ್ಟೆಯಲ್ಲಿ ಮೊದಲ ಜಾಗ ಮಾತ್ರ ಮೊಟ್ಟೆ, ಮೊಸರು, ಬೇಳೆಕಾಳು, ಮೀನಿಗೆ. ದಿನಕ್ಕೆ 60 ಗ್ರಾಂನಷ್ಟಾದರೂ ಪ್ರೋಟೀನ್ ಸೇರದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ಈ ಬದಲಾವಣೆ ಒಬ್ಬಳಿಂದ ಆಗುವುದಲ್ಲ. ಸಮಾಲೋಚನೆಗೆ ಅತ್ತೆ, ಗಂಡ ಜೊತೆಗೆ ಹೋಗಬೇಕು.

ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ. ಮೊದಲ ವರ್ಷ ಹಲವು ಬಾರಿ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ. ನೆಲಮಂಗಲದಿಂದಲೋ ದೊಡ್ಡಬಳ್ಳಾಪುರದಿಂದಲೋ ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಸಂಬಳ ಬಿಡಬೇಕು. ತೂಕ ಇಳಿದು ಮೈ ಹಗುರಾದ ಮೇಲೆ ಮೊದಲು ನಿಲ್ಲುವುದು ಈ ಓಡಾಟವೇ. ಅದರ ಬೆಲೆ ಕೆಲವು ವರ್ಷಗಳ ಮೇಲೆ ರಕ್ತಹೀನತೆ, ಕೈಕಾಲು ಜೋಮು, ಮೂಳೆ ಸವೆತವಾಗಿ ಬರುತ್ತದೆ.

ಸ್ಥಳೀಯ ವೈದ್ಯರಿಗೂ ಒಂದೆರಡು ಸಂಗತಿ ಗೊತ್ತಿರಬೇಕು. ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳಲ್ಲಿ ವಾಂತಿ ನಿಲ್ಲದೆ ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದು ನಮ್ಮ ಊರುಗಳ ರೂಢಿ. ಅವರ ದೇಹದಲ್ಲಿ ಥಯಮಿನ್ ಎಂಬ ಬಿ1 ವಿಟಮಿನ್ ಬರಿದಾಗಿರಬಹುದು. ಅದನ್ನು ಮೊದಲು ಕೊಡದೆ ಗ್ಲೂಕೋಸ್ ಹರಿಸಿದರೆ ಮಿದುಳಿಗೆ ಗಂಭೀರ ಹಾನಿಯಾಗಬಹುದು. ಹಾಗೆಯೇ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಂಡಿನೋವಿನ ಮಾತ್ರೆ ಬೈಪಾಸ್ ಆದವರಲ್ಲಿ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡಬಹುದು. ಬೀಡಿ, ಸಿಗರೇಟು ಅದನ್ನು ಹೆಚ್ಚಿಸುತ್ತದೆ. ಮೊದಲ ದಿನಗಳಲ್ಲಿ ಜ್ವರ, ಹೊಟ್ಟೆನೋವು, ನಿಮಿಷಕ್ಕೆ 120 ದಾಟಿದ ನಾಡಿ ಕಂಡರೆ ಸೋರಿಕೆಯ ಶಂಕೆಯಿಂದ ತಕ್ಷಣ ಶಸ್ತ್ರಚಿಕಿತ್ಸೆ ಮಾಡಿದ ಕಡೆಗೇ ಕಳಿಸಬೇಕು. ಯಾವ ಶಸ್ತ್ರಚಿಕಿತ್ಸೆ, ಯಾವ ದಿನ, ಯಾವ ಆಸ್ಪತ್ರೆ ಎಂದು ಬರೆದ ಚೀಟಿ ರೋಗಿಯ ಬಳಿ ಸದಾ ಇರುವುದು ಒಳ್ಳೆಯದು.

ಈಚೆಗೆ ಇನ್ನೊಂದು ದಾರಿ ತೆರೆದಿದೆ. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್, ಜೂನ್‌ನಲ್ಲಿ ತೂಕ ಇಳಿಸಲೆಂದೇ ತಯಾರಾದ ಸೆಮಾಗ್ಲುಟೈಡ್ ಚುಚ್ಚುಮದ್ದು ಭಾರತದ ಮಾರುಕಟ್ಟೆಗೆ ಬಂದವು. ಅಧ್ಯಯನಗಳಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ 15ರಷ್ಟು, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ ಪಡೆದವರದು ಶೇ 20ರ ಆಸುಪಾಸು ಇಳಿಯಿತು. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವರ್ಷದೊಳಗೆ ಮರಳಿತು. ಶಸ್ತ್ರಚಿಕಿತ್ಸೆಯಿಂದ ಇಳಿಯುವುದು ಸಾಮಾನ್ಯವಾಗಿ ಶೇ 25ರಿಂದ 30. ಅದರಲ್ಲೂ ಸ್ವಲ್ಪ ಮರಳುವುದುಂಟು. ಗಡಿಯ ಆಚೀಚೆ ಇರುವವರಲ್ಲಿ ಕೆಲವರಿಗೆ ಚುಚ್ಚುಮದ್ದೇ ಸಾಕಾಗಬಹುದು.

ಬಿಎಂಐ ಒಂದನ್ನೇ ನೆಚ್ಚಿ ಬೊಜ್ಜನ್ನು ಅಳೆಯುವ ಕಾಲ ಮುಗಿಯುತ್ತಿದೆ ಎಂಬ ಸೂಚನೆಗಳೂ ಬಂದಿವೆ. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ, ಬೊಜ್ಜು ಅಂಗಾಂಗಗಳ ಕೆಲಸವನ್ನು ಕೆಡಿಸಿದೆಯೇ ಎಂಬುದನ್ನು ನೋಡಿ ರೋಗವೆಂದು ಗುರುತಿಸಬೇಕು ಎಂದಿತು. ಅದೇ ತಿಂಗಳು ಭಾರತೀಯ ತಜ್ಞರ ಗುಂಪೊಂದು ಬಿಎಂಐ ಜೊತೆ ಹೊಟ್ಟೆಯ ಕೊಬ್ಬು ಮತ್ತು ಜೊತೆರೋಗಗಳನ್ನು ಸೇರಿಸಿ ಎರಡು ಹಂತದ ವ್ಯಾಖ್ಯೆ ಕೊಟ್ಟಿತು. ವಿಮೆಯ ಕಾಗದ ಮಾತ್ರ ಹಿಂದೆಯೇ ಉಳಿದಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಆರೋಗ್ಯ ಪಾಲಿಸಿಗಳಿಗೂ ರೂಪಿಸಿದ ಏಕರೂಪದ ಷರತ್ತಿನಲ್ಲಿ 40 ಮತ್ತು 35 ಎಂಬ 1991ರ ಅಮೆರಿಕದ ಗೆರೆಗಳೇ ಇವೆ. 35ರವರಿಗೆ ಒಪ್ಪುವ ಜೊತೆರೋಗಗಳೂ ನಾಲ್ಕೇ: ಬೊಜ್ಜಿನಿಂದಾದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ. ಬಿಪಿ, ಫ್ಯಾಟಿ ಲಿವರ್, ಸವೆದ ಮಂಡಿ, ಅಂಡಾಶಯದ ಪಿಸಿಒಎಸ್ ತೊಂದರೆ ಆ ಪಟ್ಟಿಯಲ್ಲಿಲ್ಲ.

ದುರುಪಯೋಗ ತಡೆಯಲು ಒಂದು ಷರತ್ತು ಬೇಕೆಂಬುದು ನಿಜ. ಅಂದಕ್ಕಾಗಿ ಮಾಡಿಸುವವರ ಖರ್ಚನ್ನು ಎಲ್ಲ ಪಾಲಿಸಿದಾರರೂ ಹೊರಬೇಕಿಲ್ಲ. ಆದರೆ ಭಾರತೀಯ ದೇಹಕ್ಕೆ ಬೇರೆ ಗೆರೆ ಬೇಕೆಂದು ಭಾರತದ ವೈದ್ಯರೇ 2009ರಲ್ಲಿ ಬರೆದಿಟ್ಟ ಮೇಲೆ, ಹತ್ತು ವರ್ಷ ಬಿಟ್ಟು ಬಂದ ಭಾರತದ ನಿಯಮ ಅದನ್ನು ಕಾಣದೆ ಹೋಗಿದೆ. ಇದರಿಂದ ಹುಟ್ಟುವ ಫಲ ವಿಚಿತ್ರ. 80 ಕೆ.ಜಿ.ಯ ಹೆಂಗಸಿಗೆ ಇನ್ನೂ ನಾಲ್ಕು ಕೆ.ಜಿ. ಏರಿಸಿಕೊಂಡು ಬಾ ಎಂದು ಹೇಳಿದಂತಾಗುತ್ತದೆ. ಗೆರೆಯನ್ನು 37.5 ಮತ್ತು 32.5ಕ್ಕೆ ಇಳಿಸಿ, ಜೊತೆರೋಗಗಳ ಪಟ್ಟಿಯನ್ನು ವೈದ್ಯರ ಮಾರ್ಗಸೂಚಿಗೆ ಹೊಂದಿಸಿ, ಅದರ ಬದಲಿಗೆ ಪಥ್ಯ ಮತ್ತು ಔಷಧದ ಹಿಂದಿನ ಪ್ರಯತ್ನದ ದಾಖಲೆ, ತಂಡದ ತಪಾಸಣೆ, ಐದು ವರ್ಷದ ಫಾಲೋ-ಅಪ್ ಇವನ್ನು ಕಡ್ಡಾಯ ಮಾಡಿದರೆ ದುರುಪಯೋಗಕ್ಕೂ ತಡೆ ಸಿಗುತ್ತದೆ, ನಿಜವಾಗಿ ಬೇಕಿದ್ದವರಿಗೂ ದಾರಿಯಾಗುತ್ತದೆ. ಅಲ್ಲಿಯವರೆಗೆ, ಸರ್ಜನ್‌ರನ್ನು ಕಾಣುವ ಮುನ್ನ ಪಾಲಿಸಿಯ ಬೊಜ್ಜಿನ ಷರತ್ತನ್ನೂ ಕಾಯುವ ಅವಧಿಯನ್ನೂ ಓದಿಕೊಳ್ಳುವುದು, ಪಥ್ಯ ಮತ್ತು ಔಷಧದ ಪ್ರತಿ ಚೀಟಿಯನ್ನೂ ತೆಗೆದಿಡುವುದು ಈ ಆರು ಕೆ.ಜಿ.ಯ ನಡುವೆ ಸಿಕ್ಕವರು ಮಾಡಬಹುದಾದ ಕೆಲಸ.